ಬಿಸಿಲಿಗೊಂದು ಅಳತೆ: ಕರ್ನಾಟಕದ ಜೈನ ಪರಂಪರೆಯಲ್ಲಿ ಆತಪ ಮತ್ತು ಚರ್ಮ

ಕೃಷ್ಣಾ ನದಿಗೆ ಅಡ್ಡಲಾಗಿ ನಿಂತಿರುವ ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಶಂಕುಸ್ಥಾಪನೆ ಮಾಡಿದವರು ಲಾಲ್ ಬಹದ್ದೂರ್ ಶಾಸ್ತ್ರಿಯವರು. ಜಲಾಶಯಕ್ಕೂ ಅವರದೇ ಹೆಸರು. ಈ ನೀರಿನಿಂದ ವಿಜಯಪುರ ಸೀಮೆಯ ಹೊಲಗಳು ಹಸಿರಾದುದು ನಿಜ; ಅಲ್ಲಿಯ ಬಿಸಿಲು ಮಾತ್ರ ಹಿಂದಿನಂತೆಯೇ ಇದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಅಲ್ಲಿ ವಿಶೇಷವೇನಲ್ಲ. ಆ ದಿನಗಳಲ್ಲಿ ಬದುವು ಹಾಕಲು, ಕೆರೆಯ ಹೂಳೆತ್ತಲು ಹೋಗುವ ಹೆಣ್ಣುಮಕ್ಕಳು ಇಳಕಲ್ ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಳ್ಳುತ್ತಾರೆ. ಗಂಡಸರು ತಲೆಗೆ ರುಮಾಲು ಸುತ್ತುತ್ತಾರೆ. ಅವರಲ್ಲಿ ಐವತ್ತು ದಾಟಿದ ಯಾರನ್ನಾದರೂ ಗಮನಿಸಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ತೋಳಿನ ಒಳಭಾಗದ ಚರ್ಮ ಇನ್ನೂ ನಯವಾಗಿ, ಬಿಗಿಯಾಗಿ ಇರುತ್ತದೆ. ಮುಖ, ಕತ್ತು, ಮುಂಗೈಗಳ ಚರ್ಮ ಒರಟಾಗಿ, ಕಲೆಗಟ್ಟಿ, ನೆರಿಗೆ ಬಿದ್ದಿರುತ್ತದೆ. ಒಂದೇ ದೇಹದ, ಒಂದೇ ವಯಸ್ಸಿನ ಚರ್ಮ ಹೀಗೆ ಎರಡು ವಯಸ್ಸುಗಳನ್ನು ತೋರುತ್ತದೆ. ಈ ಎರಡರ ನಡುವಿನ ಅಂತರವೇ ಬಿಸಿಲು ಮಾಡಿದ ಕೆಲಸ.

ಬಿಸಿಲಿಗೆ ಎಷ್ಟು ಒಡ್ಡಿಕೊಳ್ಳಬೇಕು, ಚರ್ಮದ ಆರೋಗ್ಯವನ್ನೂ ಎಳೆತನವನ್ನೂ ಹೇಗೆ ಕಾಯ್ದುಕೊಳ್ಳಬೇಕು ಎಂಬುದು ಇಂದು ವೈದ್ಯರ ಮತ್ತು ಪ್ರಸಾಧನ ವ್ಯಾಪಾರಿಗಳ ವಿಷಯವಾಗಿ ತೋರುತ್ತದೆ. ಆದರೆ ರಾಷ್ಟ್ರಕೂಟ, ಚಾಲುಕ್ಯರ ಆಳ್ವಿಕೆಯನ್ನು ಕಂಡ ಈ ನೆಲದಲ್ಲಿ ಅರಸರು, ವೈದ್ಯರು, ಮುನಿಗಳು, ಕಥೆಗಾರರು ಸಾವಿರ ವರ್ಷಗಳ ಹಿಂದೆಯೇ ಈ ಪ್ರಶ್ನೆಯನ್ನು ತಮ್ಮ ತಮ್ಮ ರೀತಿಯಲ್ಲಿ ಎದುರಿಸಿದ್ದರು. ಅರಸನು ಬಿಸಿಲನ್ನು ದೂರವಿಟ್ಟನು, ಮುನಿಯು ಅದನ್ನು ವರಿಸಿದನು, ವೈದ್ಯನು ಅಳೆದನು. ಮೇಲುನೋಟಕ್ಕೆ ಮೊದಲಿನವರಿಬ್ಬರೂ ಪರಸ್ಪರ ವಿರುದ್ಧ ತುದಿಗಳಲ್ಲಿ ನಿಂತಿದ್ದಾರೆ. ಆದರೆ ಮುನಿಯ ಮಾರ್ಗವೂ ವೈದ್ಯನ ಮಾರ್ಗವೂ ಕೊನೆಗೆ ‘ಅಳತೆ’ ಎಂಬ ಒಂದೇ ತತ್ತ್ವದಲ್ಲಿ ಸಂಧಿಸುತ್ತವೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಅರಮನೆಯನ್ನು ನೋಡೋಣ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು (ಆಳ್ವಿಕೆ 1126–1138) ರಚಿಸಿದ ‘ಮಾನಸೋಲ್ಲಾಸ’ವು ಐದು ವಿಂಶತಿಗಳಲ್ಲಿ, ನೂರು ಅಧ್ಯಾಯಗಳಲ್ಲಿ ಹರಡಿಕೊಂಡ ಸಂಸ್ಕೃತ ಗ್ರಂಥ. ಅದರ ಮೂರನೆಯ ವಿಂಶತಿಯಲ್ಲಿ ಇಪ್ಪತ್ತು ಉಪಭೋಗಗಳ ವಿವರಣೆಯಿದೆ. ಅವುಗಳಲ್ಲಿ ಸ್ನಾನ, ಪಾದುಕೆ, ವಿಲೇಪನ, ಮಾಲ್ಯ, ಚಾಮರ, ಪಾದಾಭ್ಯಂಗ, ಛತ್ರ ಇವು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದವು. ಎಣ್ಣೆ ತೀಡಿ ಮಿಂದ ಮೈಗೆ ಋತುವಿಗೆ ತಕ್ಕ ಲೇಪನ, ಕಾಲಿಗೆ ಪಾದುಕೆ, ತಲೆಯ ಮೇಲೆ ಕೊಡೆ, ಪಕ್ಕದಲ್ಲಿ ಬೀಸುವ ಚಾಮರ: ಇವೆಲ್ಲ ಸೇರಿ ಅರಸನ ಚರ್ಮಕ್ಕೂ ಆಕಾಶಕ್ಕೂ ನಡುವೆ ಪದರ ಪದರವಾದ ಒಂದು ಕೋಟೆಯನ್ನೇ ಕಟ್ಟುತ್ತವೆ. ಛತ್ರವು ರಾಜಲಾಂಛನವಾದುದರ ಹಿಂದೆಯೂ ಈ ಲೋಕಸತ್ಯವಿದೆ. ದುಡಿಯುವವನ ತಲೆಯ ಮೇಲೆ ಬಿಸಿಲು, ಆಳುವವನ ತಲೆಯ ಮೇಲೆ ನೆರಳು.

ಇದು ಕೇವಲ ಅರಸರ ವಿಲಾಸವಾಗಿರಲಿಲ್ಲ. ಸೋಮೇಶ್ವರನಿಗಿಂತ ಒಂದು ಶತಮಾನ ಹಿಂದೆ, ಸುಮಾರು 1025ರಲ್ಲಿ, ಇಮ್ಮಡಿ ಜಯಸಿಂಹನ ಕಾಲದಲ್ಲಿ ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ನೆಲದೊಳಗಿನ ನೀರನ್ನು ಅರಸುವ ವಿದ್ಯೆ, ವೃಕ್ಷಾಯುರ್ವೇದ, ಪಾಕಶಾಸ್ತ್ರ, ವೈದ್ಯಗಳ ಜೊತೆಗೆ ಸುಗಂಧದ್ರವ್ಯಗಳಿಗೂ ಸ್ಥಾನವಿದೆ. ಮೈಯ ಆರೈಕೆಯ ಜ್ಞಾನ ಕನ್ನಡದಲ್ಲಿ ಗೃಹಸ್ಥನ ಬಳಕೆಗೆ ದೊರೆಯಬೇಕೆಂಬ ಆಶಯ ಇಲ್ಲಿ ಸ್ಪಷ್ಟವಾಗಿದೆ. ವೈದ್ಯಶಾಸ್ತ್ರದ ನಿಲುವೂ ಇದೇ. ವಾಗ್ಭಟನ ‘ಅಷ್ಟಾಂಗಹೃದಯ’ವು ದಿನಚರ್ಯೆಯ ಪ್ರಕರಣದಲ್ಲಿ ನಿತ್ಯದ ಅಭ್ಯಂಗವು ಮುಪ್ಪನ್ನೂ ಆಯಾಸವನ್ನೂ ತಡೆಯುತ್ತದೆಂದು ಹೇಳುತ್ತದೆ, ಕೊಡೆ ಹಿಡಿದು, ಪಾದರಕ್ಷೆ ಮೆಟ್ಟಿ, ಒಂದು ನೊಗದಷ್ಟು ದೂರ ಮುಂದೆ ನೋಡುತ್ತ ನಡೆಯಬೇಕೆಂದು ವಿಧಿಸುತ್ತದೆ.

ಈ ವಿಧಿಯಲ್ಲಿ ಜೈನಶಾಸ್ತ್ರದ ಓದುಗನನ್ನು ತಡೆದು ನಿಲ್ಲಿಸುವ ಒಂದು ಮಾತಿದೆ. ನೊಗದಷ್ಟು ದೂರ ನೋಡಿ ನಡೆಯುವುದು ಜೈನ ಮುನಿಯ ಈರ್ಯಾಸಮಿತಿಯ ಲಕ್ಷಣವೂ ಹೌದು. ವಾಗ್ಭಟನ ಆರೋಗ್ಯವಂತನೂ ಜೈನ ಶ್ರಮಣನೂ ಒಂದೇ ರೀತಿ ನೆಲವನ್ನು ನೋಡುತ್ತ ನಡೆಯುತ್ತಾರೆ. ಒಬ್ಬನಿಗೆ ತನ್ನ ಮೈಯ ಕಾಳಜಿ, ಇನ್ನೊಬ್ಬನಿಗೆ ಕಾಲಡಿಯ ಜೀವಿಗಳ ಕಾಳಜಿ. ವ್ಯತ್ಯಾಸವಿರುವುದು ಕೊಡೆಯಲ್ಲಿ ಮತ್ತು ಪಾದರಕ್ಷೆಯಲ್ಲಿ. ಶ್ವೇತಾಂಬರ ಆಗಮವಾದ ‘ದಶವೈಕಾಲಿಕ’ದ ಮೂರನೆಯ ಅಧ್ಯಯನವು ಮುನಿಗೆ ನಿಷಿದ್ಧವಾದವುಗಳ ಪಟ್ಟಿಯನ್ನು ಕೊಡುತ್ತದೆ. ಸ್ನಾನ, ಗಂಧ, ಮಾಲೆ, ಬೀಸಣಿಗೆ, ಛತ್ರ, ಪಾದರಕ್ಷೆ, ಅಭ್ಯಂಗ, ಅಲಂಕಾರ ಇವೆಲ್ಲ ಅದರಲ್ಲಿವೆ. ಈ ಪಟ್ಟಿಯನ್ನು ‘ಮಾನಸೋಲ್ಲಾಸ’ದ ಉಪಭೋಗಗಳ ಪಕ್ಕದಲ್ಲಿಟ್ಟು ನೋಡಿದರೆ ಒಂದು ಇನ್ನೊಂದರ ಪ್ರತಿಬಿಂಬದಂತೆ ಕಾಣುತ್ತದೆ. ಅರಸನು ಪಡೆದುದನ್ನೇ ಮುನಿಯು ಬಿಟ್ಟಿದ್ದಾನೆ. ದಿಗಂಬರ ಪರಂಪರೆಯು ಇನ್ನೂ ಮುಂದೆ ಹೋಗಿ ವಸ್ತ್ರವನ್ನೂ ತ್ಯಜಿಸಿತು. ಅಸ್ನಾನವನ್ನು ಮುನಿಯ ಇಪ್ಪತ್ತೆಂಟು ಮೂಲಗುಣಗಳಲ್ಲಿ ಸೇರಿಸಿತು.

ಹಾಗಾದರೆ ಜೈನ ಮುನಿಯು ಚರ್ಮವನ್ನು ದ್ವೇಷಿಸಿದನೇ? ಈ ಪ್ರಶ್ನೆಗೆ ಉತ್ತರಿಸಲು ‘ತತ್ತ್ವಾರ್ಥಸೂತ್ರ’ದ ಕಡೆಗೆ ತಿರುಗಬೇಕು. ಅದರ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿದ ಇಪ್ಪತ್ತೆರಡು ಪರೀಷಹಗಳಲ್ಲಿ ಉಷ್ಣ, ನಾಗ್ನ್ಯ, ರೋಗ, ಮಲ ಇವು ಚರ್ಮಕ್ಕೆ ನೇರವಾಗಿ ತಾಗುವಂಥವು. ಅದೇ ಅಧ್ಯಾಯದಲ್ಲಿ ಆರು ಬಾಹ್ಯತಪಗಳಲ್ಲಿ ಕೊನೆಯದಾಗಿ ಕಾಯಕ್ಲೇಶದ ಉಲ್ಲೇಖವಿದೆ. ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಕಾಯಕ್ಲೇಶಕ್ಕೆ ಕೊಡುವ ಮೊದಲ ಉದಾಹರಣೆಯೇ ಬಿಸಿಲಿನಲ್ಲಿ ನಿಲ್ಲುವುದು. ಪರೀಷಹಕ್ಕೂ ಕಾಯಕ್ಲೇಶಕ್ಕೂ ಅವರು ಮಾಡುವ ಭೇದ ಬಹಳ ಮುಖ್ಯವಾದುದು. ತಾನಾಗಿ ಬಂದೆರಗಿದುದು ಪರೀಷಹ, ತಾನೇ ಬೇಕೆಂದು ಮಾಡಿಕೊಂಡುದು ಕಾಯಕ್ಲೇಶ. ಬಿಸಿಲು ಒಂದೇ, ಅದನ್ನು ಎದುರಿಸುವವನ ಸ್ವಾತಂತ್ರ್ಯ ಬೇರೆ ಬೇರೆ. ಬೇಸಗೆಯಲ್ಲಿ ಬೆಟ್ಟದ ಮೇಲಿನ ಆತಾಪನಯೋಗ, ಮಳೆಗಾಲದಲ್ಲಿ ಮರದಡಿಯ ವೃಕ್ಷಮೂಲಯೋಗ, ಚಳಿಗಾಲದಲ್ಲಿ ಬಯಲಿನ ಅಭ್ರಾವಕಾಶಯೋಗ ಎಂದು ಮೂರು ಋತುಗಳಿಗೆ ಮೂರು ಯೋಗಗಳು ರೂಢವಾದವು.

ಇಷ್ಟೇ ಹೇಳಿ ಬಿಟ್ಟರೆ ಚಿತ್ರವು ಅಪೂರ್ಣವಾಗುತ್ತದೆ. ಅದೇ ‘ತತ್ತ್ವಾರ್ಥಸೂತ್ರ’ವು ಆರನೆಯ ಅಧ್ಯಾಯದಲ್ಲಿ ತೀರ್ಥಂಕರತ್ವಕ್ಕೆ ಕಾರಣವಾಗುವ ಹದಿನಾರು ಭಾವನೆಗಳನ್ನು ಎಣಿಸುವಾಗ ತ್ಯಾಗ ಮತ್ತು ತಪಗಳಿಗೆ ‘ಶಕ್ತಿತಃ’ ಎಂಬ ಒಂದು ವಿಶೇಷಣವನ್ನು ಸೇರಿಸುತ್ತದೆ. ಶಕ್ತಿಯನ್ನು ಬಚ್ಚಿಡಬಾರದು, ಶಕ್ತಿಯನ್ನು ಮೀರಲೂಬಾರದು. ತಪಸ್ಸಿಗೂ ಅಳತೆಯಿದೆ ಎಂಬುದನ್ನು ಈ ಒಂದು ಪದ ಸಾರುತ್ತದೆ.

ಕನ್ನಡದ ಕಥಾಪರಂಪರೆಯಲ್ಲಿ ಈ ವಿಚಾರ ರಕ್ತಮಾಂಸ ಪಡೆದುದು ‘ವಡ್ಡಾರಾಧನೆ’ಯಲ್ಲಿ. ಅದರ ಹತ್ತೊಂಬತ್ತು ಕಥೆಗಳಲ್ಲಿ ಮೂರನ್ನು ಈ ದೃಷ್ಟಿಯಿಂದ ಒಟ್ಟಿಗೆ ಓದಬಹುದು. ಮೊದಲನೆಯದು ಸುಕುಮಾರಸ್ವಾಮಿಯ ಕಥೆ. ಮುನಿಗಳನ್ನು ಕಂಡರೆ ಮಗನು ತಪಸ್ಸಿಗೆ ಹೋದಾನೆಂಬ ಅಂಜಿಕೆಯಿಂದ ತಾಯಿ ಅವನನ್ನು ಮಾಡದೊಳಗೆ ಮಣಿಗಳ ಬೆಳಕಿನಲ್ಲಿ ಬೆಳೆಸಿದಳು. ಅರಸನು ಮನೆಗೆ ಬಂದಾಗ ಆರತಿಯ ಸೊಡರನ್ನು ಕಂಡು ಸುಕುಮಾರನ ಕಣ್ಣಲ್ಲಿ ನೀರು ತುಂಬಿತು. ಆಸನದ ಮೇಲೆ ಬಿದ್ದ ಸಾಸಿವೆಯ ಕಾಳು ಒತ್ತಿ ಅವನು ಕುಳಿತಲ್ಲೇ ಹೊರಳಾಡಿದನು. ಅರಸನು ಅದನ್ನು ರೋಗವೆಂದು ತಿಳಿದನು. ಅದು ಸೌಕುಮಾರ್ಯವೆಂದು ತಾಯಿ ವಿವರಿಸಿದಳು. ಇಂದಿನ ಓದುಗನಿಗೆ ಅರಸನ ಸಂದೇಹವೇ ಹೆಚ್ಚು ಸಹಜವೆನಿಸೀತು. ಬೆಳಕನ್ನೇ ಕಾಣದೆ ಬೆಳೆದ ಮೈಯ ನಯವು ಆರೋಗ್ಯವಲ್ಲ. ಮುಂದೆ ಅದೇ ಸುಕುಮಾರನು ದೀಕ್ಷೆ ಪಡೆದು ಬರಿಗಾಲಲ್ಲಿ ನಡೆದಾಗ ಅಂಗಾಲುಗಳಿಂದ ರಕ್ತ ಸುರಿಯುತ್ತದೆ.

ಎರಡನೆಯದು ವೃಷಭಸೇನ ರಿಸಿಯ ಕಥೆ. ಈ ಕಥೆಗೆ ಮೂಲವಾದ ‘ಭಗವತೀ ಆರಾಧನೆ’ಯ ಪ್ರಾಕೃತ ಗಾಹೆಯು ಬಿಸಿಗಾಳಿ, ಬಿಸಿಯಾದ ಶಿಲಾತಲ, ಅತಿಯಾದ ಬಿಸಿಲು ಈ ಮೂರನ್ನೂ ಸಹಿಸಿ ಉತ್ತಮಾರ್ಥವನ್ನು ಪಡೆದವನೆಂದು ಅವನನ್ನು ಸ್ಮರಿಸುತ್ತದೆ. ಆಲಮಟ್ಟಿಯ ಬೇಸಗೆಯಲ್ಲಿ ಮಧ್ಯಾಹ್ನ ಬಂಡೆಯ ಮೇಲೆ ಕಾಲಿಟ್ಟವರಿಗೆ ಈ ಮೂರೂ ಬೇರೆ ಬೇರೆ ಅನುಭವಗಳೆಂದು ವಿವರಿಸಬೇಕಾಗಿಲ್ಲ. ಮೇಲಿನಿಂದ ಕಿರಣ, ಸುತ್ತಲಿಂದ ಗಾಳಿ, ಕೆಳಗಿನಿಂದ ಕಲ್ಲು. ಚರ್ಮವು ಮೂರು ದಿಕ್ಕಿನಿಂದ ಸುಡುವುದನ್ನು ಆ ಗಾಹೆಯ ಕವಿ ಕಂಡು ಬಲ್ಲವನು.

ಮೂರನೆಯದು ಸನತ್ಕುಮಾರ ಚಕ್ರವರ್ತಿಯ ಕಥೆ. ಅವನ ರೂಪದ ಖ್ಯಾತಿಯನ್ನು ಕೇಳಿ ದೇವತೆಗಳು ಮಾರುವೇಷದಲ್ಲಿ ನೋಡಲು ಬಂದರು. ಸ್ನಾನಕ್ಕೆ ಮೊದಲು ಯಾವ ಅಲಂಕಾರವೂ ಇಲ್ಲದ ಅವನ ಮೈಯನ್ನು ಕಂಡು ಬೆರಗಾದರು. ಸಿಂಗರಿಸಿಕೊಂಡು ಓಲಗದಲ್ಲಿ ಕುಳಿತ ಮೇಲೆ ಮತ್ತೆ ನೋಡಿ, ಮೊದಲಿನ ಕಾಂತಿ ಅಷ್ಟರಲ್ಲೇ ಕುಂದಿದೆಯೆಂದರು. ಕೆಲವೇ ಗಳಿಗೆಗಳಲ್ಲಿ ಯೌವನ ಜಾರುವುದನ್ನು ಅರಿತ ಚಕ್ರವರ್ತಿಯು ರಾಜ್ಯವನ್ನು ತೊರೆದನು. ಚರ್ಮದ ಎಳೆತನವು ಅಲಂಕಾರದಿಂದ ನಿಲ್ಲುವುದಿಲ್ಲ ಎಂಬ ಈ ಕಥೆಯ ಮಾತು ಇಂದಿಗೂ ಹಳೆಯದಾಗಿಲ್ಲ.

ಈ ಕಥೆಗಳ ಹಿಂದೆ ಒಂದು ಭೌತವಿಚಾರವೂ ಇದೆ. ‘ತತ್ತ್ವಾರ್ಥಸೂತ್ರ’ದ ಐದನೆಯ ಅಧ್ಯಾಯವು ಶಬ್ದ, ಬಂಧ ಮೊದಲಾದವುಗಳ ಸಾಲಿನಲ್ಲಿ ತಮಸ್ಸು, ಛಾಯೆ, ಆತಪ, ಉದ್ಯೋತಗಳನ್ನೂ ಪುದ್ಗಲದ ಪರ್ಯಾಯಗಳೆಂದು ಹೇಳುತ್ತದೆ. ಆತಪವೆಂದರೆ ಸೂರ್ಯಾದಿಗಳಿಂದ ಬರುವ ಬಿಸಿಯುಳ್ಳ ಬೆಳಕು. ಉದ್ಯೋತವೆಂದರೆ ಚಂದ್ರ, ಮಣಿ, ಮಿಂಚುಹುಳುಗಳ ತಂಪು ಬೆಳಕು. ಬೆಳಕಿಗೆ ಮರೆ ಬಂದಾಗ ಉಂಟಾಗುವುದು ಛಾಯೆ. ಈ ಪರಿಭಾಷೆಯಲ್ಲಿ ಹೇಳುವುದಾದರೆ ಸುಕುಮಾರಸ್ವಾಮಿಯ ಬಾಳು ಉದ್ಯೋತದಿಂದ ಆತಪಕ್ಕೆ ನಡೆದ ಪಯಣ. ಬಿಸಿಲೂ ಪುದ್ಗಲ, ನೆರಳೂ ಪುದ್ಗಲ, ಅವೆರಡನ್ನೂ ಅನುಭವಿಸುವ ಚರ್ಮವೂ ಪುದ್ಗಲ. ಹಾಗಾಗಿ ಬಿಸಿಲನ್ನು ದೇವರೆಂದು ಪೂಜಿಸುವ ಅಥವಾ ವೈರಿಯೆಂದು ಹಳಿಯುವ ಅವಶ್ಯಕತೆ ಈ ದರ್ಶನಕ್ಕಿಲ್ಲ.

ಸೂರ್ಯನನ್ನು ಚರ್ಮರೋಗದ ವೈದ್ಯನೆಂದು ಕಂಡ ಪರಂಪರೆ ಬೇರೆ ಕಡೆ ಬಲವಾಗಿತ್ತು. ‘ಸೂರ್ಯಶತಕ’ವನ್ನು ರಚಿಸಿ ಮಯೂರಕವಿಯು ಕುಷ್ಠದಿಂದ ಮುಕ್ತನಾದನೆಂಬ ಐತಿಹ್ಯ ಪ್ರಸಿದ್ಧವಾದುದು. ಪ್ರಭಾಚಂದ್ರನ ‘ಪ್ರಭಾವಕಚರಿತ’ವು (1277) ಮಯೂರ, ಬಾಣರ ಈ ಪ್ರಸಂಗಕ್ಕೆ ಮಾನತುಂಗಾಚಾರ್ಯರನ್ನು ಜೋಡಿಸಿ, ‘ಭಕ್ತಾಮರಸ್ತೋತ್ರ’ದ ಮಹಿಮೆಯನ್ನು ಸ್ಥಾಪಿಸುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಸಮಾನವಾದ ಕಥೆಯು ವಾದಿರಾಜಸೂರಿಯದು. ಇವರು ಇಮ್ಮಡಿ ಜಯಸಿಂಹನ ಕಾಲದವರು, 1025ರಲ್ಲಿ ‘ಪಾರ್ಶ್ವನಾಥಚರಿತ’ವನ್ನು ಮುಗಿಸಿದವರು, ಜನ್ನನ ‘ಯಶೋಧರಚರಿತೆ’ಗೆ (1209) ಆಧಾರವಾದ ಸಂಸ್ಕೃತ ಕಾವ್ಯದ ಕರ್ತೃ. ಸಂಪ್ರದಾಯದ ಕಥೆಯ ಪ್ರಕಾರ ಅವರಿಗೆ ಕುಷ್ಠವಿತ್ತು. ಜೈನ ಗುರುವು ಕುಷ್ಠರೋಗಿಯೆಂದು ಓಲಗದಲ್ಲಿ ಒಬ್ಬನು ಹೀಯಾಳಿಸಿದಾಗ ಭಕ್ತನೊಬ್ಬನು ಹಾಗಿಲ್ಲವೆಂದು ಸಾಧಿಸಿದನು. ಅರಸನು ಮರುದಿನ ತಾನೇ ನೋಡಬರುವೆನೆಂದನು. ಆ ರಾತ್ರಿ ‘ಏಕೀಭಾವಸ್ತೋತ್ರ’ವನ್ನು ರಚಿಸಿದ ವಾದಿರಾಜರ ಮೈ ಬೆಳಗಾಗುವಷ್ಟರಲ್ಲಿ ಹೊನ್ನಿನ ಬಣ್ಣ ತಳೆದಿತ್ತು. ಆದರೆ ಹೀಯಾಳಿಸಿದವನಿಗೂ ಶಿಕ್ಷೆಯಾಗಬಾರದೆಂದು ಅವರು ಕಿರುಬೆರಳಿನಲ್ಲಿ ರೋಗದ ಕುರುಹನ್ನು ಉಳಿಸಿಕೊಂಡು ಅರಸನಿಗೆ ತೋರಿಸಿದರಂತೆ.

ಈ ಕಥೆಯ ಪವಾಡಕ್ಕಿಂತ ಅದರ ಕೊನೆಯ ಭಾಗವು ನನಗೆ ಹೆಚ್ಚು ಮಹತ್ತ್ವದ್ದೆಂದು ತೋರುತ್ತದೆ. ಪೂರ್ಣ ನಿರ್ಮಲವಾದ ಚರ್ಮಕ್ಕಿಂತ ಒಬ್ಬ ವಿರೋಧಿಯ ಪ್ರಾಣ ದೊಡ್ಡದೆಂದು ಕಥೆಗಾರನು ಬಗೆದಿದ್ದಾನೆ. ಹಳೆಯ ಗ್ರಂಥಗಳಲ್ಲಿ ಕುಷ್ಠವೆಂಬ ಪದವು ಹಲವು ಬಗೆಯ ಚರ್ಮರೋಗಗಳನ್ನು ಒಳಗೊಳ್ಳುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು. ಅದನ್ನು ಇಂದಿನ ಒಂದೇ ರೋಗಕ್ಕೆ ಸಮೀಕರಿಸಲಾಗದು.

ಸ್ತೋತ್ರದ ಲೋಕದಿಂದ ಚಿಕಿತ್ಸೆಯ ಲೋಕಕ್ಕೆ ಬಂದರೆ ನಮಗೆ ಬೇಕಾದ ಪದವು ದೊರೆಯುತ್ತದೆ. ‘ಚರಕಸಂಹಿತೆ’ಯ ಕುಷ್ಠಚಿಕಿತ್ಸೆಯಲ್ಲಿ ಶ್ವಿತ್ರ, ಅಂದರೆ ತೊನ್ನಿಗೆ, ಹೇಳಿದ ಉಪಾಯ ಹೀಗಿದೆ: ಔಷಧದ ರಸವನ್ನು ಕುಡಿಸಿ, ಮೈಗೆ ಎಣ್ಣೆ ಹಚ್ಚಿ, ರೋಗಿಯನ್ನು ‘ಯಥಾಬಲ’ವಾಗಿ ಬಿಸಿಲಿಗೆ ಒಡ್ಡಬೇಕು. ತೊನ್ನಿಗೆ ಬಾವಂಚಿಯ ಬೀಜವನ್ನು ಬಳಸಿ ಬಿಸಿಲು ಕಾಯಿಸುವ ಪದ್ಧತಿಯೂ ಈ ದೇಶದಲ್ಲಿ ಹಳೆಯದು. ಆ ಬೀಜದಲ್ಲಿರುವ ಸೋರಾಲೆನ್ ಎಂಬ ದ್ರವ್ಯವು ಚರ್ಮವನ್ನು ಬೆಳಕಿಗೆ ಹೆಚ್ಚು ಸೂಕ್ಷ್ಮವಾಗಿಸುತ್ತದೆ. ಇಪ್ಪತ್ತನೆಯ ಶತಮಾನದ ವೈದ್ಯವು ಇದೇ ವರ್ಗದ ದ್ರವ್ಯವನ್ನೂ ಅತಿನೇರಳೆ ಕಿರಣವನ್ನೂ ಕೂಡಿಸಿ ತೊನ್ನು ಮತ್ತು ಸೋರಿಯಾಸಿಸ್‌ಗೆ ಚಿಕಿತ್ಸೆ ರೂಪಿಸಿತು. ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್ ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕಂಡುಕೊಂಡುದಕ್ಕಾಗಿ 1903ರಲ್ಲಿ ನೊಬೆಲ್ ಪ್ರಶಸ್ತಿ ಪಡೆದನು. ಆದರೆ ಬಾವಂಚಿ ಹಚ್ಚಿ ಅಳತೆಯಿಲ್ಲದೆ ಬಿಸಿಲಲ್ಲಿ ಕುಳಿತರೆ ಚರ್ಮ ಬೊಕ್ಕೆಯೇಳುತ್ತದೆ. ಔಷಧವೂ ಅದೇ, ವಿಷವೂ ಅದೇ, ಭೇದವೆಲ್ಲ ಪ್ರಮಾಣದಲ್ಲಿ.

ಜೈನ ವೈದ್ಯರಿಗೆ ಈ ಪ್ರಮಾಣಪ್ರಜ್ಞೆ ಅಪರಿಚಿತವಾಗಿರಲಿಲ್ಲ. ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ವು ಮಧು, ಮದ್ಯ, ಮಾಂಸಗಳನ್ನು ಬಿಟ್ಟು ವೈದ್ಯವನ್ನು ಕಟ್ಟಿಕೊಡುತ್ತದೆ, ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಹೆಸರಿನ ವೈದ್ಯಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವೆಂದು ಕನ್ನಡಕ್ಕೆ ತಂದನು. ಉಗ್ರಾದಿತ್ಯರ ಗ್ರಂಥವು 1940ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದನೆಯಲ್ಲಿ ಅಚ್ಚಾದುದು ವಿಜಯಪುರದ ನೆರೆಯ ಸೊಲ್ಲಾಪುರದಲ್ಲಿ. ದೇಹವನ್ನು ಕಡೆಗಣಿಸಿದ ಧರ್ಮವೆಂದು ಜೈನವನ್ನು ಕಾಣುವವರು ಈ ವೈದ್ಯಪರಂಪರೆಗೆ ಉತ್ತರ ಕೊಡಬೇಕಾಗುತ್ತದೆ. ತಪಸ್ಸಿಗೆ ‘ಶಕ್ತಿತಃ’, ಚಿಕಿತ್ಸೆಗೆ ‘ಯಥಾಬಲ’. ಮುನಿಯೂ ವೈದ್ಯನೂ ಕೂಡುವ ಸ್ಥಾನ ಇದೇ.

ಎಳೆತನದ ಜೊತೆಗೇ ಬಣ್ಣದ ಪ್ರಶ್ನೆಯೂ ಬರುತ್ತದೆ. ಬಿಸಿಲಿನಿಂದ ಕಪ್ಪಾಗುವ ಅಂಜಿಕೆ ನಮ್ಮಲ್ಲಿ ಚರ್ಮದ ಆರೋಗ್ಯದ ಚಿಂತೆಯನ್ನೇ ಮರೆಸಿಬಿಟ್ಟಿದೆ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ಗೊಮ್ಮಟಸಾರ’ದ ಜೀವಕಾಂಡವು ಲೇಶ್ಯೆಗಳನ್ನು ವಿವರಿಸುವಾಗ ದ್ರವ್ಯಲೇಶ್ಯೆ, ಭಾವಲೇಶ್ಯೆ ಎಂದು ಎರಡು ಬಗೆ ಮಾಡುತ್ತದೆ. ದ್ರವ್ಯಲೇಶ್ಯೆಯು ಶರೀರದ ಬಣ್ಣ, ನಾಮಕರ್ಮದ ಫಲ. ಭಾವಲೇಶ್ಯೆಯು ಕಷಾಯಗಳಿಂದ ಬಣ್ಣಗೊಂಡ ಜೀವದ ಪ್ರವೃತ್ತಿ. ಮೈ ಕಪ್ಪಾದವನ ಭಾವವು ಶುಕ್ಲವಾಗಿರಬಹುದು. ನೇಮಿನಾಥ, ಮುನಿಸುವ್ರತರು ಶ್ಯಾಮವರ್ಣದವರೆಂದೂ ಸುಪಾರ್ಶ್ವ, ಪಾರ್ಶ್ವನಾಥರು ಹಸುರು ವರ್ಣದವರೆಂದೂ ಸ್ಮರಿಸುವ ಪರಂಪರೆಗೆ ಬಿಳುಪೇ ಸೌಂದರ್ಯವಾಗಿರಲಿಲ್ಲ.

ಆಧುನಿಕ ವಿಜ್ಞಾನವೂ ಬಣ್ಣವನ್ನು ದೋಷವೆನ್ನುವುದಿಲ್ಲ. ಮೆಲನಿನ್ ಚರ್ಮದ ಸಹಜ ಕೊಡೆ. ಆದರೆ ಆ ಕೊಡೆಯಲ್ಲೂ ಕಂಡಿಗಳಿವೆ. ಅತಿನೇರಳೆಯ ‘ಬಿ’ ಕಿರಣಗಳು ಚರ್ಮವನ್ನು ಸುಡುತ್ತವೆ. ಡಿ ಜೀವಸತ್ವ ಹುಟ್ಟುವುದೂ ಅವುಗಳಿಂದಲೇ. ‘ಎ’ ಕಿರಣಗಳು ಇನ್ನೂ ಆಳಕ್ಕಿಳಿದು, ಚರ್ಮದ ಬಿಗುವನ್ನು ಹಿಡಿದಿಡುವ ಕೊಲಾಜನ್ ತಂತುಗಳನ್ನು ಕೆಡಿಸಿ ನೆರಿಗೆ ತರುತ್ತವೆ. ಕಿಟಕಿಯ ಗಾಜು ‘ಬಿ’ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ, ‘ಎ’ ಕಿರಣಗಳನ್ನು ಒಳಗೆ ಬಿಡುತ್ತದೆ. ಹೀಗಾಗಿ ಗಾಜಿನ ಹಿಂದೆ ಕುಳಿತವನಿಗೆ ಬಿಸಿಲಿನ ಲಾಭ ದೊರೆಯುವುದಿಲ್ಲ, ನಷ್ಟ ತಪ್ಪುವುದಿಲ್ಲ. ಮೈಬಣ್ಣ ಗಾಢವಾದಷ್ಟೂ ಡಿ ಜೀವಸತ್ವಕ್ಕೆ ಬೇಕಾದ ಬಿಸಿಲಿನ ಹೊತ್ತು ಹೆಚ್ಚುತ್ತದೆ. ಎಲ್ಲರಿಗೂ ಒಂದೇ ಗಳಿಗೆಯ ಲೆಕ್ಕ ಹೊಂದದು, ‘ಯಥಾಬಲ’ವೇ ಸರಿ.

ಈ ಅಳತೆಗೆ ಉಪಕರಣವೇನು? ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವಾಗ ಕಿರಣಗಳು ತೀಕ್ಷ್ಣ. ಆಗ ಮರೆ ಬೇಕು. ನೆರಳು ಉದ್ದವಾಗಿರುವ ಬೆಳಗು, ಸಂಜೆಗಳು ಸೌಮ್ಯ. ಚರ್ಮವೈದ್ಯರ ಈ ಸರಳ ಸೂತ್ರವನ್ನು ಕೇಳಿದಾಗ ಜೈನ ಓದುಗನಿಗೆ ಪೌರುಷೀ ನೆನಪಾಗದಿರದು. ದಿನದ ನಾಲ್ಕನೆಯ ಒಂದು ಭಾಗವನ್ನು ಸೂಚಿಸುವ ಈ ಪದವೇ ಪುರುಷಪ್ರಮಾಣದ ನೆರಳಿನಿಂದ ಬಂದುದು. ‘ಉತ್ತರಾಧ್ಯಯನ’ದ ಇಪ್ಪತ್ತಾರನೆಯ ಅಧ್ಯಯನವು ಪೌರುಷಿಯನ್ನು ಗುರುತಿಸಲು ತಿಂಗಳಿನಿಂದ ತಿಂಗಳಿಗೆ ಬದಲಾಗುವ ನೆರಳಿನ ಅಳತೆಯನ್ನು ಅಡಿಗಳಲ್ಲಿ ಕೊಡುತ್ತದೆ: ಆಷಾಢದಲ್ಲಿ ಎರಡು, ಪೌಷದಲ್ಲಿ ನಾಲ್ಕು, ಚೈತ್ರ ಮತ್ತು ಆಶ್ವೀನಗಳಲ್ಲಿ ಮೂರು. ಸ್ವಾಧ್ಯಾಯ, ಧ್ಯಾನ, ಭಿಕ್ಷೆಗಳ ಹೊತ್ತನ್ನು ಮುನಿಗಳು ಈ ನೆರಳಿನಿಂದಲೇ ತಿಳಿದರು. ಬಿಸಿಲಿನಲ್ಲಿ ನಿಲ್ಲುವ ವ್ರತ ತೊಟ್ಟವರೇ ನೆರಳನ್ನು ಇಷ್ಟು ಸೂಕ್ಷ್ಮವಾಗಿ ಅಳೆದವರು.

ಇನ್ನು ಉಳಿದವರು ನಾವು ಆರಂಭದಲ್ಲಿ ಕಂಡ ದುಡಿಮೆಗಾರರು. ಅರಸನಿಗೆ ಛತ್ರವಿತ್ತು, ಮುನಿಗೆ ವ್ರತವಿತ್ತು, ರೋಗಿಗೆ ವೈದ್ಯನಿದ್ದನು. ಹೊಲದಲ್ಲಿ, ಬದುವಿನ ಮೇಲೆ ನಿಂತವರ ಬಿಸಿಲು ಪೂಜ್ಯಪಾದರ ಮಾತಿನಲ್ಲಿ ಹೇಳುವುದಾದರೆ ತಾನಾಗಿ ಬಂದೆರಗಿದುದು. ಅದನ್ನು ತಪಸ್ಸೆಂದು ಹೊಗಳುವುದು ಅನ್ಯಾಯ. ಬೇಸಗೆಯಲ್ಲಿ ಕಲಬುರಗಿ ವಿಭಾಗದ ಜೊತೆಗೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ಪದ್ಧತಿಯಿದೆ. ಉದ್ಯೋಗ ಖಾತರಿಯ ಕೂಲಿಕಾರರಿಗೆ ಕೆಲಸದ ಪ್ರಮಾಣದಲ್ಲಿ ರಿಯಾಯಿತಿ ಕೊಡುವುದೂ ಉಂಟು. ಇವು ಅಳತೆಯನ್ನು ನಿಯಮವಾಗಿಸುವ ಪ್ರಯತ್ನಗಳು. ಆದರೆ ಕಚೇರಿಯಲ್ಲಿ ಕುಳಿತವನಿಗೆ ಸೂರಿನ ನೆರಳೂ ಇದೆ, ಗಡಿಯಾರದ ನೆರವೂ ಇದೆ. ಸ್ವಂತ ಹೊಲದಲ್ಲಿ, ಇನ್ನೊಬ್ಬರ ಹೊಲದಲ್ಲಿ ದುಡಿಯುವ ಬಹುಮಂದಿಗೆ ಸೆರಗು, ರುಮಾಲುಗಳೇ ಛತ್ರ.

ಆ ಸೆರಗನ್ನು ನಾವು ಲಜ್ಜೆಯ ಗುರುತೆಂದು ಮಾತ್ರ ಓದುತ್ತ ಬಂದಿದ್ದೇವೆ. ಅದು ತಲೆಮಾರುಗಳು ಪರೀಕ್ಷಿಸಿದ ಒಂದು ಚರ್ಮರಕ್ಷೆಯೂ ಹೌದು. ಬೆಳಗಿನ ಎಳೆಬಿಸಿಲಲ್ಲಿ ಸೆರಗು ಹೆಗಲ ಮೇಲಿರುತ್ತದೆ. ನೆರಳು ಕಾಲಡಿಗೆ ಸರಿಯುತ್ತ ಬಂದಂತೆ ಅದು ತಲೆಗೇರುತ್ತದೆ, ಹಣೆಗಿಳಿಯುತ್ತದೆ. ‘ಶಕ್ತಿತಃ’, ‘ಯಥಾಬಲ’ ಎಂಬ ಪದಗಳನ್ನು ಎಂದೂ ಕೇಳಿರದ ಕೈಗಳು ಕೃಷ್ಣೆಯ ದಡದಲ್ಲಿ ದಿನವೂ ಅವುಗಳಿಗೆ ವ್ಯಾಖ್ಯಾನ ಬರೆಯುತ್ತಿವೆ.